ಗೆದ್ದರೆ ಐದು, ಸೋತರೆ ಹದಿನೈದು: ಚದುರಂಗದ ರೇಟಿಂಗ್ ಲೆಕ್ಕ

ಅಂತರಜಾಲದಲ್ಲಿ ಚದುರಂಗವಾಡುವ ವಿದ್ಯಾರ್ಥಿನಿಯೊಬ್ಬಳು ಒಂದು ಆಟ ಗೆದ್ದು ಐದು ಅಂಕ ಪಡೆಯುತ್ತಾಳೆ. ಮರುದಿನ ಅದೇ ಎದುರಾಳಿಗೆ ಸೋತು ಹದಿನೈದು ಅಂಕ ಕಳೆದುಕೊಳ್ಳುತ್ತಾಳೆ. ಇದು ಅನ್ಯಾಯವೆಂದು ಅವಳು ಶಿಕ್ಷಕರಲ್ಲಿ ದೂರಿದರೆ ಆಶ್ಚರ್ಯವಿಲ್ಲ. ಲೆಕ್ಕದಲ್ಲಿ ಮಾತ್ರ ತಪ್ಪಿಲ್ಲ. ದಶಮಾಂಶ ಗುಣಾಕಾರ ಬಲ್ಲ ಯಾವ ತರಗತಿಗೂ ಅದನ್ನು ವಿವರಿಸಬಹುದು.

ಈ ಪದ್ಧತಿಯನ್ನು ರೂಪಿಸಿದವರು ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾಡ್ ಎಲೊ. ಅಮೆರಿಕದ ಚೆಸ್ ಒಕ್ಕೂಟವು ಇದನ್ನು 1960ರಲ್ಲಿಯೂ ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆ 1970ರಲ್ಲಿಯೂ ಅಂಗೀಕರಿಸಿದವು. ಆಟಗಾರನ ಸಾಮರ್ಥ್ಯವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಇಬ್ಬರ ನಡುವಣ ಅಂತರವನ್ನು ಫಲಿತಾಂಶಗಳಿಂದ ಊಹಿಸಬಹುದಷ್ಟೆ. ಆದುದರಿಂದ 1600 ಎಂಬ ಸಂಖ್ಯೆಗೆ ಒಂಟಿಯಾಗಿ ಅರ್ಥವಿಲ್ಲ. ಎದುರಾಳಿಯದು 1400 ಎಂದಾಗಲೇ ಅದು ಮಾತನಾಡತೊಡಗುತ್ತದೆ.

ಗೆಲುವಿಗೆ 1, ಡ್ರಾಗೆ ಅರ್ಧ, ಸೋಲಿಗೆ 0 ಎಂದಿಟ್ಟುಕೊಳ್ಳೋಣ. 400 ಅಂಕಗಳ ಅಂತರವಿದ್ದರೆ ಇಬ್ಬರ ನಿರೀಕ್ಷಿತ ಗಳಿಕೆಯ ಪ್ರಮಾಣ 10:1 ಆಗುವಂತೆ ಎಲೊ ಸೂತ್ರವಿದೆ. 200ರ ಅಂತರಕ್ಕೆ ಬಲಿಷ್ಠರ ನಿರೀಕ್ಷಿತ ಗಳಿಕೆ 0.76. ಪಡೆದ ಫಲದಿಂದ ಈ ನಿರೀಕ್ಷೆಯನ್ನು ಕಳೆದು, ಬಂದುದನ್ನು 20ರಂತಹ ಒಂದು ಗುಣಕದಿಂದ ಗುಣಿಸಬೇಕು. 1600ರವಳು ಗೆದ್ದರೆ 20 × 0.24, ಅಂದರೆ ಸುಮಾರು 5 ಅಂಕ ಸೇರುತ್ತದೆ. ಸೋತರೆ 20 × 0.76, ಸುಮಾರು 15 ಅಂಕ ಹೋಗುತ್ತದೆ. ಡ್ರಾ ಆದರೂ ಅವಳಿಗೆ 5 ಅಂಕ ನಷ್ಟವೇ! ಇದನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಲೆಕ್ಕಹಾಕಿ ಕಂಡುಕೊಳ್ಳಲಿ.

ಅಂತರಜಾಲದಲ್ಲಿ ದಿನವೂ ಹೊಸಬರು ಬರುತ್ತಾರೆ. ಅವರ ಬಗ್ಗೆ ತಿಳಿದಿರುವುದು ಅತ್ಯಲ್ಪ. ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ರೂಪಿಸಿದ ಗ್ಲಿಕೊ ಪದ್ಧತಿಯು ರೇಟಿಂಗ್ ಜೊತೆಗೆ ಅದರ ಅನಿಶ್ಚಿತತೆಯನ್ನೂ ಅಳೆಯುತ್ತದೆ. ಲಿಚೆಸ್ ತಾಣವು ಹೊಸಬರಿಗೆ 1500 ಕೊಟ್ಟು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಮೊದಮೊದಲ ಆಟಗಳಲ್ಲಿ ಸಂಖ್ಯೆ ರಭಸದಿಂದ ಏರಿಳಿಯುತ್ತದೆ. ಆಟಗಳು ಹೆಚ್ಚಿದಂತೆ ಸ್ಥಿರವಾಗುತ್ತದೆ. ಬಹುಕಾಲ ಆಡದವರ ಅನಿಶ್ಚಿತತೆ ಮತ್ತೆ ಹಿಗ್ಗುತ್ತದೆ. ಬೇರೆ ಮಾಧ್ಯಮದ ಶಾಲೆಯಿಂದ ಕನ್ನಡ ತರಗತಿಗೆ ಬಂದ ಮಗುವಿನ ಮೊದಲ ಕಿರುಪರೀಕ್ಷೆಯ ಅಂಕದ ಮುಂದೆ ನಾವು ಇಂತಹ ಚಿಹ್ನೆಯನ್ನು ಹಾಕುವುದುಂಟೆ?

ಒಂದು ತಾಣದ 1500 ಇನ್ನೊಂದು ತಾಣದ 1500ಕ್ಕೆ ಸಮವಲ್ಲ, ಏಕೆಂದರೆ ಆಟಗಾರರ ಸಮೂಹವೇ ಬೇರೆ. ಬುಲೆಟ್, ಬ್ಲಿಟ್ಸ್, ರ‍್ಯಾಪಿಡ್ ಆಟಗಳಿಗೂ ಪ್ರತ್ಯೇಕ ಸಂಖ್ಯೆಗಳಿರುತ್ತವೆ.

ರೇಟಿಂಗ್ 1250ರಿಂದ 1180ಕ್ಕೆ ಇಳಿಯಿತೆಂದು ಮಗು ಕಣ್ಣೀರಿಟ್ಟರೆ ಅದೇ ಸೂತ್ರವನ್ನು ತೆರೆಯಬಹುದು. 70ರ ಅಂತರಕ್ಕೆ ನಿರೀಕ್ಷೆ 0.60. ಅಂದರೆ ಹಿಂದಿನ ರೇಟಿಂಗ್‌ನವಳೂ ಇಂದಿನ ರೇಟಿಂಗ್‌ನವಳೂ ಹತ್ತು ಆಟವಾಡಿದರೆ ನಿರೀಕ್ಷಿತ ಫಲಿತಾಂಶ ಆರಕ್ಕೆ ನಾಲ್ಕು.