ಇಂಗ್ಲಿಷ್ ಪೀರಿಯಡ್‌ನಲ್ಲಿ ಮಕ್ಕಳು ಯಾಕೆ ಸುಮ್ಮನಾಗ್ತಾರೆ?

  ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮಕ್ಕನ ಓಲೆಯಿಂದ. ಹೌದು, ಕಿವಿ ಓಲೆನೇ.

ಅಕ್ಕನ ಮನೆ ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಲ್ಲಿ. ಬಂಡೀಪುರ ಕಾಡಿನ ಅಂಚು. ಅರಣ್ಯ ಇಲಾಖೆಯ ಒಂದು ವಲಯಕ್ಕೇ ಆ ಊರಿನ ಹೆಸರಿದೆ. ಅವರದು ಹತ್ತಿ, ರಾಗಿ ಬೆಳೆಯೋ ಮನೆ. ಹೋದ ತಿಂಗಳು ಅಕ್ಕ ಫೋನ್ ಮಾಡಿ, "ಲೋ, ಓಲೆ ಅಡ ಇಟ್ರೆ ಬ್ಯಾಂಕಲ್ಲಿ ಎಷ್ಟು ಕೊಡ್ತಾರೆ, ಸ್ವಲ್ಪ ವಿಚಾರಿಸಿ ಹೇಳು" ಅಂದ್ಲು. ನಾನು ಬಿ.ಕಾಂ. ಓದಿರೋದ್ರಿಂದ ಮನೆಯ ಲೆಕ್ಕ ಎಲ್ಲಾ ನನ್ನ ತಲೆಗೇ ಬರುತ್ತೆ. ಯಾಕೆ ಅಂತ ಕೇಳಿದೆ. ಮಗಳು ಏಳನೇ ಕ್ಲಾಸು, ಸರ್ಕಾರಿ ಕನ್ನಡ ಶಾಲೆ. ಮುಂದಿನ ವರ್ಷ ಪ್ರೈವೇಟ್ ಇಂಗ್ಲಿಷ್ ಮೀಡಿಯಂಗೆ ಹಾಕ್ಬೇಕಂತೆ. "ಎಲ್ಲಾದ್ರಲ್ಲೂ ಚುರುಕು ಕಣೋ. ಇಂಗ್ಲಿಷ್ ಪೀರಿಯಡ್ ಬಂದ್ರೆ ಮಾತ್ರ ಬಾಯೇ ಬಿಡಲ್ವಂತೆ. ತಲೆಗೆ ಹತ್ತಲ್ಲ ಅನ್ಸುತ್ತೆ."

ಕೂತು ಲೆಕ್ಕ ಹಾಕಿದೆ. ಫೀಸು, ವ್ಯಾನು, ಯೂನಿಫಾರ್ಮ್ ಸೇರಿ ವರ್ಷಕ್ಕೆ ಸುಮಾರು 42 ಸಾವಿರ. ಹತ್ತನೇ ಕ್ಲಾಸ್ ಮುಗಿಯೋವರೆಗೆ ಮೂರು ವರ್ಷಕ್ಕೆ 1 ಲಕ್ಷ 26 ಸಾವಿರ, ಬಡ್ಡಿ ಬಿಟ್ಟು. ದುಡ್ಡು ಹೇಗೋ ಹೊಂದಿಸಬಹುದು. ಆದ್ರೆ ಕಾಯಿಲೆ ಯಾವುದು ಅಂತ ನೋಡದೆ ಔಷಧಿ ತಗೊಂಡ ಹಾಗಾಗುತ್ತಲ್ಲ ಅನ್ನಿಸಿತು. ಅದಕ್ಕೇ ಭಾನುವಾರ ಎನ್. ಬೇಗೂರಿಗೆ ಹೋದೆ.

ಜಗಲಿ ಮೇಲೆ ಕೂತು ಅಕ್ಕನ ಮಗಳನ್ನ ಕೇಳಿದೆ. ಅವಳು ಹೇಳಿದ್ದು ಇಷ್ಟು: "ಮಾವ, ಉತ್ತರ ಗೊತ್ತಿರುತ್ತೆ. ಎದ್ದು ನಿಂತ ತಕ್ಷಣ ಎಲ್ಲಾ ಹಾರೋಗುತ್ತೆ. ಒಂದ್ಸಲ 'ಶಿ ಗೋ' ಅಂದ್ಬಿಟ್ಟೆ, ಎಲ್ರೂ ನಕ್ರು. ಆಮೇಲಿಂದ ಗೊತ್ತಿಲ್ಲ ಅಂತಲೇ ಹೇಳ್ತೀನಿ. ಗೊತ್ತಿಲ್ಲ ಅಂದ್ರೆ ಯಾರೂ ನಗಲ್ಲ."

ಈ ಕೊನೆಯ ಮಾತನ್ನ ಇನ್ನೊಂದ್ಸಲ ಕೇಳಿ. ಗೊತ್ತಿಲ್ಲ ಅಂದ್ರೆ ಯಾರೂ ನಗಲ್ಲ. ಇದು ದಡ್ಡತನ ಅಲ್ಲ, ಸೋಮಾರಿತನವೂ ಅಲ್ಲ. ಲಾಭ ನಷ್ಟ ತೂಗಿ ತಗೊಂಡ ತೀರ್ಮಾನ.

ಭಯಕ್ಕೂ ಒಂದು ಹೆಸರಿದೆ

ಈ ಭಯವನ್ನ ಭಾಷಾ ಸಂಶೋಧಕರು ಗಂಭೀರವಾಗಿ ತಗೊಂಡಿದ್ದಾರೆ. 1986ರಲ್ಲಿ ಅಮೆರಿಕದ ಇಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಅಲ್ಲಿ ವಿದೇಶಿ ಭಾಷೆ ಕಲಿಯೋ ವಿದ್ಯಾರ್ಥಿಗಳ ಆತಂಕವನ್ನ ಅಳೆಯೋಕೆ 33 ಹೇಳಿಕೆಗಳ ಒಂದು ಪಟ್ಟಿ ಮಾಡಿದರು. ಅವರ ಪ್ರಕಾರ ಈ ಭಯಕ್ಕೆ ಮೂರು ಮುಖ: ಮಾತಾಡೋಕೆ ಹಿಂಜರಿಕೆ, ಪರೀಕ್ಷೆಯ ಭಯ, ಬೇರೆಯವರು ನನ್ನ ಬಗ್ಗೆ ಏನಂದ್ಕೋತಾರೋ ಅನ್ನೋ ಅಳುಕು. ಗಣಿತದಲ್ಲಿ ತಪ್ಪಾದ್ರೆ ಲೆಕ್ಕ ತಪ್ಪು, ಅಷ್ಟೇ. ಭಾಷೆಯಲ್ಲಿ ಹಾಗಲ್ಲ. ಅಲ್ಲಿ ಬಾಯಿಂದ ಹೊರಗೆ ಬರೋದು ನಾವೇ. ಮನಸ್ಸಲ್ಲಿ ಎಷ್ಟೇ ಬುದ್ಧಿ ಇದ್ರೂ, ಗೊತ್ತಿರೋ ನಾಲ್ಕು ಪದದಲ್ಲಿ ಪುಟ್ಟ ಮಗು ಥರ ಮಾತಾಡ್ಬೇಕು. ಹದಿಮೂರು ವರ್ಷದ ಹುಡುಗಿಗೆ ಅದು ಎಲ್ಲರ ಮುಂದೆ ಆಗೋ ಅವಮಾನ.

ಸ್ಟೀಫನ್ ಕ್ರಾಶನ್ ಅನ್ನೋ ಭಾಷಾ ವಿಜ್ಞಾನಿ ಇದನ್ನ ಜರಡಿಗೆ ಹೋಲಿಸ್ತಾರೆ. ಮನಸ್ಸಲ್ಲಿ ಭಯ, ಬೇಜಾರು ತುಂಬಿದ್ರೆ ಜರಡಿಯ ಕಣ್ಣು ಮುಚ್ಚಿಕೊಳ್ಳುತ್ತೆ. ಮೇಷ್ಟ್ರು ಎಷ್ಟೇ ಚೆನ್ನಾಗಿ ಪಾಠ ಮಾಡಿದ್ರೂ ಒಳಗೆ ಇಳಿಯಲ್ಲ. ಅವರ ಎಲ್ಲ ಮಾತನ್ನೂ ಸಂಶೋಧಕರು ಒಪ್ಪಿಲ್ಲ. ಆದ್ರೆ ಈ ಒಂದು ಮಾತು ನನಗೆ ಅನುಭವದಿಂದ ಗೊತ್ತು. ಬಿ.ಕಾಂ. ಮೊದಲ ವರ್ಷ ಮೈಸೂರಲ್ಲಿ ಸೆಮಿನಾರ್ ಕೊಡೋಕೆ ನಿಂತಾಗ 'ಡೆಬಿಟ್' ಪದದ ಕೊನೆಯ ಅಕ್ಷರವನ್ನ ಎಳೆದು ಹೇಳ್ದೆ ಅಂತ ಹಿಂದಿನ ಬೆಂಚು ನಕ್ಕಿತ್ತು. ಆ ವರ್ಷಪೂರ್ತಿ ನಾನು ಬಾಗಿಲ ಪಕ್ಕದ ಬೆಂಚಲ್ಲಿ ಕೂತೆ. ಅಕೌಂಟೆನ್ಸಿ ನನಗೆ ಬರ್ತಿತ್ತು. ಇಂಗ್ಲಿಷಲ್ಲಿ ಅದನ್ನ ಹೇಳೋ ಧೈರ್ಯ ಇರ್ಲಿಲ್ಲ.

ಕಾಗದದಲ್ಲಿ ದ್ವಿತೀಯ ಭಾಷೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪ್ರಥಮ ಭಾಷೆಗೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷಿಗೆ 100. ಹೆಸರು ದ್ವಿತೀಯ ಭಾಷೆ. ಆದ್ರೆ ಶಾಲೆ ಗೇಟ್ ದಾಟಿದ ಮೇಲೆ ಆ ಮಕ್ಕಳ ಕಿವಿಗೆ ಇಂಗ್ಲಿಷ್ ಎಲ್ಲಿ ಬೀಳುತ್ತೆ ಹೇಳಿ? ಹೊಲದಲ್ಲಿಲ್ಲ, ಅಂಗಡಿಯಲ್ಲಿಲ್ಲ. ಸುತ್ತಮುತ್ತ ಯಾರೂ ಆಡದ ಭಾಷೆ ಅಂದ್ರೆ ಕಲಿಯೋರ ಲೆಕ್ಕದಲ್ಲಿ ಅದು ವಿದೇಶಿ ಭಾಷೆಯೇ.

ಆ ಸೀಮೆಯಲ್ಲಿ ಇನ್ನೊಂದು ವಿಷಯ ಇದೆ. ಹಾಡಿಗಳಿಂದ ಬರೋ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳಿಗೆ ಮನೆಮಾತೇ ಬೇರೆ. ಅವರಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಆರು ವರ್ಷಕ್ಕೇ ಎರಡು ಭಾಷೆ ನಿಭಾಯಿಸೋ ಮಗು ಅದು. ಹಿಂದಿನ ಸಾಲಲ್ಲಿ ಸುಮ್ಮನೆ ಕೂತಿದ್ರೆ ನಾವು ಅದಕ್ಕೆ 'ಆಸಕ್ತಿ ಇಲ್ಲ' ಅಂತ ಹಣೆಪಟ್ಟಿ ಅಂಟಿಸ್ತೀವಿ.

ಭಾವನ ಮಲಯಾಳಂ

ಈಗ ನಮ್ಮ ಭಾವನ ಕಥೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೋರು. ಕೋಟೆ ಕಡೆ ಕೇರಳದೋರು ಬಂದು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕ್ತಾರೆ ಅನ್ನೋದು ನಿಮಗೆ ಗೊತ್ತಿರಬಹುದು. ಭಾವ ನಾಲ್ಕು ವರ್ಷ ಅವರ ಜೊತೆ ಕೆಲಸ ಮಾಡಿದ್ರು. ಇವತ್ತು ಮಲಯಾಳಂನಲ್ಲಿ ರೇಟು ಮಾತಾಡ್ತಾರೆ, ಜಗಳ ಆಡ್ತಾರೆ, ಜೋಕ್ ಹೊಡೀತಾರೆ. ಯಾರು ಕಲಿಸಿದ್ರು ಅಂದ್ರೆ, "ಯಾರೂ ಇಲ್ಲ ಕಣಪ್ಪ. ಮಾತಾಡ್ಲೇಬೇಕಿತ್ತು, ಮಾತಾಡ್ದೆ. ತಪ್ಪು ಹೇಳಿದ್ರೆ ಅವ್ರೂ ನಗೋರು, ನಾನೂ ನಗ್ತಿದ್ದೆ. ನಂ ಕನ್ನಡ ಅವ್ರಿಗೂ ಬರ್ತಿರ್ಲಿಲ್ವಲ್ಲ" ಅಂದ್ರು.

ಮೋಟಿವೇಶನ್ ಬಗ್ಗೆ ಪುಸ್ತಕಗಳು ಹೇಳೋದು ಭಾವನ ಈ ಮಾತಲ್ಲೇ ಇದೆ. 1959ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಬರ್ಟ್ ಗಾರ್ಡನರ್ ಮತ್ತು ವಾಲೇಸ್ ಲ್ಯಾಂಬರ್ಟ್, ಫ್ರೆಂಚ್ ಕಲಿಯೋ ಇಂಗ್ಲಿಷ್ ಮನೆಮಾತಿನ ಹೈಸ್ಕೂಲ್ ಮಕ್ಕಳನ್ನ ಅಧ್ಯಯನ ಮಾಡಿದ್ರು. ಭಾಷೆ ಕಲಿಯೋಕೆ ಎರಡು ಥರದ ಕಾರಣ ಇರುತ್ತೆ ಅಂತ ಗುರುತಿಸಿದ್ರು. ಒಂದು, ಕೆಲಸ, ದುಡ್ಡು, ಅಂಕ ಅನ್ನೋ ಉಪಯೋಗ. ಇನ್ನೊಂದು, ಆ ಭಾಷೆಯ ಜನರ ಜೊತೆ ಬೆರೀಬೇಕು ಅನ್ನೋ ಆಸೆ. ಭಾವನಿಗೆ ಎರಡೂ ಇತ್ತು.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಅನ್ನೋ ಮನಶ್ಶಾಸ್ತ್ರಜ್ಞರು ಇನ್ನೂ ಸರಳವಾಗಿ ಹೇಳ್ತಾರೆ. ಮನುಷ್ಯನಿಗೆ ಒಳಗಿಂದ ಹುಮ್ಮಸ್ಸು ಬರೋಕೆ ಮೂರು ಬೇಕು: ಸ್ವಲ್ಪ ನನ್ನಿಷ್ಟದಂತೆ ಮಾಡೋ ಅವಕಾಶ, ನನ್ನ ಕೈಲಾಗುತ್ತೆ ಅನ್ನೋ ಅನುಭವ, ಇವರು ನನ್ನೋರು ಅನ್ನೋ ಸಂಬಂಧ. ಶುಂಠಿ ಹೊಲದಲ್ಲಿ ಮೂರೂ ಸಿಕ್ಕಿತು. ಎದ್ದು ನಿಲ್ಲು, ಉತ್ತರ ಹೇಳು, ತಪ್ಪು, ಕೂತ್ಕೋ ಅನ್ನೋ ಕ್ಲಾಸಲ್ಲಿ ಒಂದೂ ಸಿಗಲ್ಲ.

'ಅಲಾರಂ ಕಾಲ್' ಹುಡುಗ

ಅವತ್ತು ಮಧ್ಯಾಹ್ನ ಅಕ್ಕನ ಮಗಳ ಕ್ಲಾಸಿನ ಒಬ್ಬ ಹುಡುಗ ಮನೆಗೆ ಬಂದಿದ್ದ. ಇಂಗ್ಲಿಷಲ್ಲಿ ಅವನು ಕೊನೆಯಿಂದ ಮೊದಲು ಅಂತ ಅವಳೇ ಪರಿಚಯ ಮಾಡಿಸಿದ್ಲು. ಅವನ ಚಿಕ್ಕಪ್ಪ ಕಬಿನಿ ಕಡೆ ರೆಸಾರ್ಟಲ್ಲಿ ಜೀಪ್ ಓಡಿಸ್ತಾರೆ. ಮಾತಿನ ಮಧ್ಯೆ ಅವನ ಬಾಯಿಂದ ಬಂದ ಪದಗಳು: ಅಲಾರಂ ಕಾಲ್, ಪಗ್ ಮಾರ್ಕ್, ಬ್ಯಾಕ್‌ವಾಟರ್, ಸ್ಪಾಟೆಡ್ ಡೀರ್, ಸೈಲೆಂಟ್ ಪ್ಲೀಸ್. ಜಿಂಕೆ ಕೂಗಿದ್ರೆ ಪ್ರವಾಸಿಗರಿಗೆ ಏನು ಹೇಳ್ಬೇಕು ಅಂತ ನಟನೆ ಮಾಡಿ ತೋರಿಸ್ದ. "ನಾನೂ ಸಫಾರಿ ಗೈಡ್ ಆಯ್ತೀನಿ ಅಣ್ಣ" ಅಂದ.

ಹಂಗೇರಿ ಮೂಲದ ಜೋಲ್ಟಾನ್ ಡೋರ್ನ್ಯೇ 2005ರಲ್ಲಿ ಮುಂದಿಟ್ಟ ವಿಚಾರ ಇದೇ. ಆ ಭಾಷೆ ಆಡೋ ನಾಳೆಯ 'ನಾನು' ಕಣ್ಣಿಗೆ ಕಾಣ್ಬೇಕು. ಕಂಡ್ರೆ ಇವತ್ತಿನ ನನಗೂ ಅವನಿಗೂ ನಡುವಿನ ದೂರ ಕಡಿಮೆ ಮಾಡೋಕೆ ಮನಸ್ಸು ತಾನೇ ಓಡುತ್ತೆ. ಅದರ ಪಕ್ಕದಲ್ಲೇ ಇನ್ನೊಂದು 'ನಾನು' ಇರುತ್ತೆ: ಅಪ್ಪ, ಅಮ್ಮ, ಊರವರು ನೀನು ಹೀಗಾಗ್ಲೇಬೇಕು ಅನ್ನೋದು. ಎರಡನೆಯದು ಒಂದೇ ಇದ್ರೆ ಕಲಿಕೆ ಸಾಲದ ಕಂತು ಕಟ್ಟಿದ ಹಾಗೆ. ಈ ಹುಡುಗನಿಗೆ ನಾಳೆಯ ಚಿತ್ರ ಇದೆ. ಪಠ್ಯಪುಸ್ತಕಕ್ಕೂ ಆ ಚಿತ್ರಕ್ಕೂ ಮಾತ್ರ ಸಂಪರ್ಕ ಇಲ್ಲ.

ದಾರಿ ನಮ್ಮ ತಾಲ್ಲೂಕಲ್ಲೇ ಇತ್ತು

ಪರಿಹಾರ ಎಲ್ಲೋ ಫಾರಿನ್‌ನಲ್ಲಿ ಹುಡುಕ್ಬೇಕಿಲ್ಲ. ರಾಜ್ಯಕ್ಕೆಲ್ಲ ಹರಡಿದ 'ನಲಿ-ಕಲಿ' 1995ರಲ್ಲಿ ಶುರುವಾಗಿದ್ದೇ ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಶಾಲೆ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ರೂಪಿಸಿದ್ರು. ಪಾಠವನ್ನ ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಏಣಿಯ ಮೆಟ್ಟಿಲ ಹಾಗೆ ಜೋಡಿಸಿದ್ರು. ಮಕ್ಕಳು ಗುಂಪಲ್ಲಿ ಕೂತು ತಮ್ಮ ತಮ್ಮ ವೇಗದಲ್ಲಿ ಹತ್ತಬೇಕು. ಅಪ್ಪ ಅಮ್ಮನ ಜೊತೆ ಕೊಡಗಿಗೆ ಕೂಲಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದು. ಎಲ್ಲರೆದುರು ಎದ್ದು ನಿಂತು ಸೋಲೋ ಪ್ರಸಂಗ ಕಡಿಮೆ. ಆದ್ರೆ ಅದು ಇರೋದು ಚಿಕ್ಕ ಕ್ಲಾಸುಗಳಿಗೆ. ದೊಡ್ಡ ಕ್ಲಾಸಿಗೆ ಬರ್ತಿದ್ದಂತೆ ಮತ್ತೆ ಸಾಲು ಬೆಂಚು, ಮತ್ತೆ 'ಎದ್ದು ನಿಲ್ಲು'.

ದೊಡ್ಡ ಮಕ್ಕಳಿಗೂ ಒಂದು ಪ್ರಯೋಗ ನಮ್ಮಲ್ಲೇ ನಡೆದಿದೆ. ಅದನ್ನ ಜಗತ್ತಿನ ಭಾಷಾ ಶಿಕ್ಷಕರು 'ಬೆಂಗಳೂರು ಪ್ರಾಜೆಕ್ಟ್' ಅಂತಾರೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇದನ್ನ ನಡೆಸಿದ್ರು. ವ್ಯಾಕರಣದ ಪಾಠ ಪಕ್ಕಕ್ಕಿಟ್ಟು ಕೆಲಸ ಕೊಟ್ರು. ರೈಲು ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡೀಬೇಕು ಹೇಳು, ಮ್ಯಾಪ್ ನೋಡಿ ದಾರಿ ಹೇಳು, ಹೀಗೆ. ಮಕ್ಕಳ ಗಮನ ಉತ್ತರ ಹುಡುಕೋದ್ರ ಮೇಲೆ. ಭಾಷೆ ಅದರ ಜೊತೆಗೆ ಬರಲಿ ಅನ್ನೋದು ಯೋಚನೆ. ಭಾವ ಮಲಯಾಳಂ ಕಲಿತದ್ದೂ ಹೀಗೇ ಅಲ್ವಾ?

ಇನ್ನೂ ಒಂದು, ಪೈಸೆ ಖರ್ಚಿಲ್ಲದ್ದು. ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ಕ್ಲಾಸುಗಳಲ್ಲಿ ಗಮನಿಸಿದ ಹಾಗೆ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯೋದು ಸುಮಾರು ಒಂದು ಸೆಕೆಂಡ್ ಮಾತ್ರ. ಅದನ್ನ ಮೂರು ಸೆಕೆಂಡಿಗೆ ಏರಿಸಿದಾಗ ಹೆಚ್ಚು ಮಕ್ಕಳು ಬಾಯಿ ಬಿಟ್ರು, ಉತ್ತರವೂ ಉದ್ದ ಆಯ್ತು. ಇಂಗ್ಲಿಷ್ ಪ್ರಶ್ನೆಯನ್ನ ಕನ್ನಡಕ್ಕೆ ತಿರುಗಿಸಿ, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷಿಗೆ ತರಬೇಕಾದ ಮಗುವಿಗೆ ಒಂದು ಸೆಕೆಂಡ್ ಎಲ್ಲಿ ಸಾಕು?

ಮತ್ತೆ ಓಲೆ ವಿಷಯ

ಸೋಮವಾರ ಅಕ್ಕನ ಜೊತೆ ಶಾಲೆಗೆ ಹೋಗಿ ಇಂಗ್ಲಿಷ್ ಮೇಡಂ ಜೊತೆ ಮಾತಾಡಿದೆ. ನಕ್ಕಿದ್ದು ಅವರಿಗೆ ಗೊತ್ತೇ ಇರ್ಲಿಲ್ಲ. ಬೋರ್ಡ್ ಕಡೆ ತಿರುಗಿದ್ರಂತೆ. ಅವರ ಕಷ್ಟವೂ ಸಣ್ಣದಲ್ಲ: ಮೂರು ತರಗತಿ, ಮುಗಿಸಲೇಬೇಕಾದ ಪಾಠ, ಬರೀಲೇಬೇಕಾದ ರೆಕಾರ್ಡು. ಆದ್ರೂ ಎರಡು ಮಾತಿಗೆ ಒಪ್ಪಿದ್ರು. ಉತ್ತರವನ್ನ ಮೊದಲು ಪಕ್ಕದ ಗೆಳತಿಗೆ ಹೇಳ್ಕೊಂಡು ಆಮೇಲೆ ಕ್ಲಾಸಿಗೆ ಹೇಳೋದು. ಎದ್ದು ನಿಲ್ಲೋದು ಬೇಡ, ಕೂತೇ ಹೇಳಲಿ. ಅಲಾರಂ ಕಾಲ್ ಹುಡುಗನ ವಿಷಯ ಕೇಳಿ ಅವರೇ, "ಹಾಗಾದ್ರೆ ಒಂದಿನ ಅವನೇ ಗೈಡ್, ನಾವೆಲ್ಲ ಪ್ರವಾಸಿಗರು" ಅಂದ್ರು.

ಅಕ್ಕನಿಗೆ ನಾನು ಹೇಳಿದ್ದಿಷ್ಟು. ಇಂಗ್ಲಿಷ್ ಮೀಡಿಯಂ ಕೆಟ್ಟದ್ದು ಅಂತಲ್ಲ. ಆದ್ರೆ ಭಯದಿಂದ ಒಂದು ಪೀರಿಯಡ್ ಸುಮ್ಮನಿರೋ ಹುಡುಗಿಯನ್ನ ಎಲ್ಲ ಪೀರಿಯಡ್ಡೂ ಇಂಗ್ಲಿಷಲ್ಲಿರೋ ಕಡೆ ಕೂರಿಸಿದ್ರೆ, ಅವಳು ವಿಜ್ಞಾನ, ಸಮಾಜ, ಗಣಿತದಲ್ಲೂ ಸುಮ್ಮನಾಗಬಹುದು. ಈಗ ಚುರುಕಾಗಿರೋದನ್ನೂ ಕಳ್ಕೊಂಡ್ರೆ? ಮೊದಲು ಭಯ ಇಳೀಲಿ, ಆಮೇಲೆ ಶಾಲೆ ಬದಲಾಯಿಸೋ ಮಾತು. ಅಕ್ಕ ಪೂರ್ತಿ ಒಪ್ಪಲಿಲ್ಲ. "ನೀನು ಮೈಸೂರಲ್ಲಿ ಕೂತು ಹೇಳ್ತೀಯ. ನಾಳೆ ಕೆಲಸ ಸಿಗದಿದ್ರೆ ನನ್ನೇ ಕೇಳ್ತಾಳೆ" ಅಂದ್ಲು. ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಕೊನೆಗೆ, ಮಾರ್ಚ್‌ವರೆಗೆ ನೋಡೋಣ ಅಂತಾಯ್ತು. ಓಲೆ ಸದ್ಯಕ್ಕೆ ಕಿವಿಯಲ್ಲೇ ಇದೆ.

ಮೊನ್ನೆ ರಾತ್ರಿ ಅಕ್ಕನ ಫೋನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹನ್ನೊಂದು ಸೆಕೆಂಡ್. ಆನೆ ಬಂದು ರಾಗಿ ಹೊಲ ತುಳಿದ ಸುದ್ದಿ, ಇಂಗ್ಲಿಷಲ್ಲಿ. ಎರಡು ತಪ್ಪಿತ್ತು. ನಾನು ತಿದ್ದಲಿಲ್ಲ. 'ಆಮೇಲೆ ಏನಾಯ್ತು?' ಅಂತ ಇಂಗ್ಲಿಷಲ್ಲೇ ಕೇಳಿ ಕಳಿಸ್ದೆ. ಮೂರು ನಿಮಿಷ ಆದ್ಮೇಲೆ ಇನ್ನೊಂದು ಮೆಸೇಜ್ ಬಂತು. ಅದು ಇಪ್ಪತ್ತು ಸೆಕೆಂಡ್ ಇತ್ತು.

ನಿಮ್ಮ ಮನೆಯಲ್ಲೂ ತಂಗಿನೋ, ತಮ್ಮನೋ, ಅಕ್ಕನ ಮಗುನೋ ಇಂಗ್ಲಿಷ್ ಕಲೀತಿದ್ರೆ, ಇವತ್ತು ಅಂಕ ಕೇಳ್ಬೇಡಿ. ಏನೋ ಒಂದು ಸುದ್ದಿ ಕೇಳಿ. ತಪ್ಪಾಗಿ ಹೇಳಿದ್ರೂ ಪೂರ್ತಿ ಕೇಳಿಸ್ಕೊಳ್ಳಿ.