ನಿಮಗಿದು ಗೊತ್ತೆ? ಬೆಕ್ಕಿಗೂ ಬರುತ್ತೆ ಫಿಟ್ಸ್!

ಆಡುತ್ತಿದ್ದ ಎಳೆಯ ಬೆಕ್ಕು ತಟ್ಟನೆ ಮಗುಚಿ ಬಿದ್ದು, ಕಾಲು ಸೆಟೆದು ಜೊಲ್ಲು ಸುರಿಸಿದರೆ ಅದು ಮೂರ್ಛೆ ಇರಬಹುದು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರೂ ಕೆಲವೊಮ್ಮೆ ಕಾರಣ ಸಿಗದು. ಸಿಗುವ ಕಾರಣಗಳಲ್ಲಿ ಒಂದಂತೂ ನಾವೇ ಮನೆಗೆ ತಂದದ್ದು: ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಹನಿ. ನಾಯಿ ಸಲೀಸಾಗಿ ತಾಳಿಕೊಳ್ಳುವ ಈ ಔಷಧಿಯನ್ನು ಬೇಗ ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಹಚ್ಚಿಸಿಕೊಂಡ ನಾಯಿಯ ಮೈ ನೆಕ್ಕಿದರೂ ಅಪಾಯವೇ. ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಬೇಡಿ. ಫಿಟ್ಸ್ ನಿಲ್ಲಿಸಲೆಂದು ಬೀಗದ ಕೈ ಹುಡುಕುವುದೂ ಬೇಡ (ಅದು ಮನುಷ್ಯರಿಗೂ ಉಪಯೋಗವಿಲ್ಲ!). ಗಡಿಯಾರ ನೋಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿ. 5 ನಿಮಿಷ ದಾಟಿದರೆ ಪಶುವೈದ್ಯರಲ್ಲಿಗೆ ಓಡಿ. ಪದೇ ಪದೇ ಬಂದರೆ ಅವರು ಸಾಮಾನ್ಯವಾಗಿ ಬರೆದುಕೊಡುವುದು ಫಿನೋಬಾರ್ಬಿಟಾಲ್. 1912ರಿಂದ ಮನುಷ್ಯರ ಮೂರ್ಛೆರೋಗಕ್ಕೆ ಕೊಡುತ್ತಿರುವ ಅದೇ ಮಾತ್ರೆ! ಫಿಟ್ಸ್ ನಿಂತಿತೆಂದು ಅದನ್ನು ಹಠಾತ್ತನೆ ನಿಲ್ಲಿಸಿದರೆ ಮತ್ತೆ ಜೋರಾಗಿಯೇ ಬಂದೀತು.