ಮಾಳಿಗೆಯ ಮೇಲೊಂದು ರಬ್ಬರ್ ಕಪ್ಪೆ

ಉಣಕಲ್ ಕೆರೆಗೂ ಅಂತರಗಂಗೆಗೂ ಹಳೆಯ ನಂಟು. ತೆಗೆಸಿದಷ್ಟೂ ಅದು ಮತ್ತೆ ಹಬ್ಬುತ್ತದೆ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಎಷ್ಟೋ ಕೆರೆಗಳ ಪಾಡು ಇದೇ. ಇಂಥ ನೀರಲ್ಲಿ ಎರೆಹುಳ ಚುಚ್ಚಿ ಗಾಳ ಬೀಸಿದವರ ಕೈಗೆ ಮೊದಲು ಬರುವುದು ಮೀನಲ್ಲ, ಒಂದು ಹಿಡಿ ಕಸ. ಆದರೆ ಆ ಕಸದ ಕೆಳಗೇ ಆರಾಮಾಗಿ ಬಾಳುವ ಮೀನೊಂದಿದೆ. ಕೆಲವರು ಕುಚ್ಚು ಅನ್ನುತ್ತಾರೆ, ಕೆಲವರು ಕೊರವ, ಮಾರುವವರು ಮರಲ್. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ತಲೆಯೊಳಗೆ ಇರುವುದರಿಂದ ಆಮ್ಲಜನಕ ಕಡಿಮೆಯಾದ ನೀರಿಗೆ ಅದು ಅಂಜುವುದಿಲ್ಲ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಮುಳುಗುತ್ತದೆ. ಸಣ್ಣ ಮೀನು, ಕೀಟ, ಕಪ್ಪೆ ಅದರ ಊಟ. ಎಲೆಯಿಂದ ಕಪ್ಪೆಯೊಂದು ನೀರಿಗೆ ಜಾರಿದರೆ ಸಾಕು, ಕೆಳಗಿಂದ ಬಾಣದ ಹಾಗೆ ಬರುತ್ತದೆ.

ಈ ಮೀನಿಗೆ ಮೆತ್ತನೆಯ ಪ್ಲಾಸ್ಟಿಕ್ಕಿನ ಹುಸಿ ಎರೆ, ಗಾಳದವರ ಬಾಯಲ್ಲಿ ‘ಸಾಫ್ಟ್ ಲೂರ್’, ಚೆನ್ನಾಗಿ ಹೊಂದುತ್ತದೆ. ಗಾಳದ ಮುಳ್ಳಿನ ಮೊನೆಯನ್ನು ಅದರ ಮೈಯೊಳಗೇ ಹುದುಗಿಸಿಡಬಹುದು. ಜೊಂಡಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮೈ ಅಮುಕಿ ಮೊನೆ ಹೊರಗೆ ಬರುತ್ತದೆ. ಕಟ್ಟಿಗೆಯ ಅಥವಾ ಲೋಹದ ಎರೆಯನ್ನು ಮೀನು ಬೇಗ ಉಗುಳಿಬಿಡುತ್ತದೆ, ಮೆತ್ತನೆಯದನ್ನು ಒಂದು ಕ್ಷಣ ಹೆಚ್ಚು ಬಾಯಲ್ಲಿ ಹಿಡಿಯುತ್ತದೆ. ಗಾಳ ಹಿಡಿದವನಿಗೆ ಆ ಕ್ಷಣವೇ ಬಂಡವಾಳ.

ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆಯೇ? ಇಲ್ಲ. ಥರ್ಮಾಮೀಟರು, ಮಾಸ್ಕು, ಅಚ್ಚು ಎಂದು ಹಾಕುವ ದುಡ್ಡಿಗೆ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಲೂರ್ ಬರುತ್ತವೆ. ಮಾಡುವ ಕಾರಣ ಬೇರೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಆಕಾರಗಳು ಅಮೆರಿಕದ ಬಾಸ್ ಮೀನನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದವು. ನಮ್ಮ ಕೆರೆಯ ಕುಚ್ಚಿಗೆ ಎಷ್ಟು ದಪ್ಪದ ಕಪ್ಪೆ, ಎಷ್ಟು ಮೆತ್ತಗಿನ ಕಾಲು ಬೇಕು ಎಂಬುದನ್ನು ಇಲ್ಲಿ ನಿಂತು ನೋಡಿದವರೇ ಗೊತ್ತುಮಾಡಬೇಕು.

ಹುಸಿ ಎರೆ ಕರ್ನಾಟಕಕ್ಕೆ ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ತಂದಾಗಲೇ ಮಹಶೀರ್ ಮೀನಿಗೆ ಮಿರುಗುವ ಲೋಹದ ಚಮಚೆ ಎಳೆಯುವ ವಿದ್ಯೆ ಸಾಹೇಬರಿಗೆ ಗೊತ್ತಿತ್ತು. ಕಾವೇರಿ ದಂಡೆಯಲ್ಲಿ ಅದೇ ಮೀನಿಗೆ ರಾಗಿ ಹಿಟ್ಟಿನ ಉಂಡೆ ನಡೆಯುತ್ತಿತ್ತು. ಪ್ಲಾಸ್ಟಿಕ್ಕಿನ ಕಥೆ ಮಾತ್ರ ಶುರುವಾದದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ, ಅದೂ ಎರಡು ಸಲ. ಅಲ್ಲಿಯ ಬಿ.ಎಫ್. ಗುಡ್‌ರಿಚ್ ಟೈರ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೀಮನ್ 1926ರಲ್ಲಿ ಗಡುಸಾದ ಪಿವಿಸಿಯನ್ನು ಎಣ್ಣೆಯಂಥ ದ್ರವದಲ್ಲಿ ಕಾಯಿಸಿ ರಬ್ಬರಿನ ಹಾಗೆ ಬಳುಕುವಂತೆ ಮಾಡಿದ. 1949ರಲ್ಲಿ ಅದೇ ಊರಿನ ನಿಕ್ ಕ್ರೀಮ್, ಹೆಂಡತಿ ಕೋಸ್ಮಾ ಜೊತೆಗೂಡಿ, ಅಂಥ ಪ್ಲಾಸ್ಟಿಕ್ಕನ್ನು ಮನೆಯಲ್ಲೇ ಕಾಯಿಸಿ ಎರೆಹುಳದ ಅಚ್ಚಿಗೆ ಸುರಿದ. ಈ ಉದ್ಯಮ ಹುಟ್ಟಿದ್ದೇ ಮನೆಕೆಲಸವಾಗಿ.

ಸುರಿಯುವ ದ್ರವದ ಹೆಸರು ಪ್ಲಾಸ್ಟಿಸಾಲ್. ಇಕ್ಕಳದ ಹಿಡಿಗೆ ತೊಡಿಸಿದ ಮೆತ್ತನೆಯ ಕವಚ, ಟಿ-ಶರ್ಟಿನ ಮೇಲೆ ಉಬ್ಬಿದ ರಬ್ಬರ್ ಪ್ರಿಂಟು, ಎರಡೂ ಇದರ ಬಳಗ. ತಣ್ಣಗಿದ್ದಾಗ ನೋಡಿದರೆ ಹಾಲು. ಪಿವಿಸಿಯ ಅತಿ ನುಣುಪಾದ ಪುಡಿ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಲ್ಲಿ ತೇಲುತ್ತಿರುತ್ತದೆ, ಅಷ್ಟೇ, ಕರಗಿರುವುದಿಲ್ಲ. ಕಾಯಿಸಿದಾಗ ಪಿವಿಸಿಯ ಕಣ ಉಬ್ಬಿ ಎಣ್ಣೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಆಗ ಹಾಲು ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಮೊದಲ ಸಲ ಮಾಡುವವರು ಇಲ್ಲೇ ಕೆಟ್ಟುಹೋಯಿತೆಂದು ಚೆಲ್ಲಿಬಿಡುತ್ತಾರೆ. ಚೆಲ್ಲಬಾರದು. ನಿಧಾನವಾಗಿ ಕದಡುತ್ತ ಕಾವು ಏರಿಸಿದರೆ 160ರಿಂದ 180 ಡಿಗ್ರಿ ಸೆಲ್ಸಿಯಸ್ ನಡುವೆ ಗಂಟು ಒಡೆದು, ಬಿಳುಪು ಹೋಗಿ, ತಿಳಿಯಾದ ಪಾಕ ಆಗುತ್ತದೆ. ಬಣ್ಣ, ಮಿನುಗುಪುಡಿ ಸೇರಿಸಿ ಸುರಿಯುವುದು ಆಗ. ಆರಿದ ಮೇಲೆ ಎಣ್ಣೆ ಬೇರೆಯಾಗಿ ಸೋರಿಹೋಗುವುದಿಲ್ಲ, ಬಹುಪಾಲು ಪಿವಿಸಿಯ ಜಾಲದೊಳಗೇ ಸಿಕ್ಕಿಕೊಂಡಿರುತ್ತದೆ. ಮೈ ಬಳುಕುವುದು ಅದರಿಂದ.

ಇನ್ನೂ ಕಾವು ಏರಿತೆಂದರೆ ಪಾಕ ಹಳದಿಯಾಗಿ, ಕಂದಾಗಿ, ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ತೇವ ತಾಗಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣಿನಲ್ಲೂ ಗಂಟಲಲ್ಲೂ ತೇವ ಇರುತ್ತದೆ ಎಂಬುದು ನೆನಪಿರಲಿ. ಸ್ಟೆಬಿಲೈಸರ್ ಹಾಕಿದರೆ ಸುಡುವುದು ತಡವಾಗುತ್ತದೆ, ತಪ್ಪುವುದಿಲ್ಲ. ಅದಕ್ಕೇ ಅಂದಾಜಿನ ಕೆಲಸ ಬೇಡ, ಥರ್ಮಾಮೀಟರು ಬೇಕೇ ಬೇಕು.

ಹುಬ್ಬಳ್ಳಿಯ ಕಮರಿಪೇಟೆಯಂಥ ಕಡೆ ಈ ಮಾತಿಗೆ ಇನ್ನಷ್ಟು ತೂಕ. ಸಂದಿಯ ಮನೆ, ಗೋಡೆಗೆ ಗೋಡೆ, ಒಬ್ಬರ ಕಿಟಕಿ ಇನ್ನೊಬ್ಬರ ಅಂಗಳಕ್ಕೆ. ಸಾವಜಿ ಮಸಾಲೆಯ ಘಾಟಿಗೆ ಒಗ್ಗಿದ ಮೂಗು ಈ ಹೊಗೆಗೆ ಒಗ್ಗುವುದಿಲ್ಲ. “ಏನ್ ಸುಡಾಕತ್ತೀರಿ ಅಣ್ಣಾರ, ಹುಡುಗರು ಕೆಮ್ಮಾಕತ್ತಾವ್ರೀ” ಎಂದು ಪಕ್ಕದ ಮಾಳಿಗೆಯಿಂದ ಅಕ್ಕ ಒದರುವ ಮೊದಲೇ ಒಲೆ ಆರಿಸಬೇಕಾದ ಕೆಲಸ ಇದು. ಅಡುಗೆಮನೆಯಲ್ಲಿ ಬೇಡವೇ ಬೇಡ. ಗಾಳಿಯಾಡುವ ಮಾಳಿಗೆಯಲ್ಲಿ, ಮಕ್ಕಳಿಲ್ಲದ ಹೊತ್ತು ನೋಡಿ, ಕರೆಂಟಿನ ಒಲೆಯ ಮೇಲೆ. ಒಮ್ಮೆ ಇದಕ್ಕೆ ಹಿಡಿದ ಪಾತ್ರೆ ಮುಂದೆ ಇದಕ್ಕೇ ಮೀಸಲು. ಕಟ್ಟಿನ ಸಾರಿಗೆ ಅದು ಮರಳಬಾರದು. ಧೂಳಿನ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ, ಆಮ್ಲದ ಆವಿಗೂ ಸಾವಯವ ಆವಿಗೂ ಆಗಿಬರುವ ಡಬ್ಬಿ ಕಟ್ಟಿದ ಮಾಸ್ಕೇ ಆಗಬೇಕು. ಕನ್ನಡಕ, ದಪ್ಪ ಕೈಗವಸು, ತುಂಬುತೋಳಿನ ಅಂಗಿ ಸಹ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಹತ್ತಿರ ನೀರಿನ ಹನಿಯೂ ಇರಬಾರದು. ಪಾಕಕ್ಕೆ ಬಿದ್ದ ಹನಿ ತಕ್ಷಣ ಆವಿಯಾಗಿ ಪಾಕವನ್ನೇ ಮುಖಕ್ಕೆ ಎರಚುತ್ತದೆ.

ಹಳೆಯ ಪಿವಿಸಿ ಪೈಪು, ಹರಿದ ಚಪ್ಪಲಿ ಕರಗಿಸಿ ಮಾಡಬಹುದಲ್ಲ ಎಂಬ ಜಾಣತನ ಬೇಡ. ಪೈಪಿನಲ್ಲಿ ಪ್ಲಾಸ್ಟಿಸೈಸರ್ ಇಲ್ಲ. ಕಾಯಿಸಿದರೆ ಮೆತ್ತನೆಯ ಪಾಕವಾಗದು, ಆಮ್ಲದ ಹೊಗೆಯಷ್ಟೇ ಬಂದೀತು. ಹಳೆಯ ಪೈಪುಗಳಿಗೆ ಸೀಸದ ಸ್ಟೆಬಿಲೈಸರ್ ಹಾಕುತ್ತಿದ್ದದ್ದೂ ಉಂಟು. ಲೂರಿಗಾಗಿಯೇ ಮಾಡಿದ ಪ್ಲಾಸ್ಟಿಸಾಲ್ ಕೊಳ್ಳಿ, ಅದರಲ್ಲೂ ಥ್ಯಾಲೇಟ್ ಇಲ್ಲದ್ದನ್ನು. ಥ್ಯಾಲೇಟ್ ಎಂಬ ಪ್ಲಾಸ್ಟಿಸೈಸರ್ ಗುಂಪಿಗೆ ಮಕ್ಕಳ ಆಟಿಕೆಗಳಲ್ಲಿ ಮಿತಿ ಹಾಕಿದ್ದು ಸುಮ್ಮನಲ್ಲ.

ಇನ್ನು ಅಚ್ಚು. ಮೊದಲ ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಜೇಡಿಮಣ್ಣಿನಿಂದ ಕಪ್ಪೆಮರಿ ಮಾಡಿ, ಹೊಟ್ಟೆ ಚಪ್ಪಟೆ ಇರಲಿ, ಸಣ್ಣ ಡಬ್ಬಿಯ ತಳಕ್ಕೆ ಅಂಟಿಸಿ, ಮೇಲೆ ವ್ಯಾಸಲಿನ್ ಸವರಿ, ಕಲಸಿದ ಪ್ಲಾಸ್ಟರ್ ಸುರಿದು, ಗುಳ್ಳೆ ಏಳುವ ತನಕ ಡಬ್ಬಿ ತಟ್ಟಬೇಕು. ಗಟ್ಟಿಯಾಗಿ ಕಂಡರೂ ಅದರೊಳಗೆ ನೀರು ಇದ್ದೇ ಇರುತ್ತದೆ. ಧಾರವಾಡದ ಮಳೆಗಾಲದಲ್ಲಿ ಒಣಗಲು ದಿನಗಟ್ಟಲೆ ಹಿಡಿಯುತ್ತದೆ. ಬೇಸಿಗೆಯ ಬಿಸಿಲೇ ಒಳ್ಳೆಯದು. ಅವಸರಕ್ಕೆ ಓವನ್ನಿನಲ್ಲಿ ಜೋರು ಕಾಯಿಸಿದರೆ ಗಟ್ಟಿಯಾಗಲು ಹೀರಿದ ನೀರನ್ನೇ ಪ್ಲಾಸ್ಟರ್ ಬಿಟ್ಟುಕೊಟ್ಟು ಪುಡಿಯಾಗುತ್ತದೆ. ಒಣಗಿದ ಮೇಲೆ ಎಪಾಕ್ಸಿ ಅಂಟಿನ ತೆಳು ಲೇಪ ಕೊಟ್ಟರೆ ಕಪ್ಪೆಯ ಮೈ ನುಣುಪಾಗುತ್ತದೆ.

ಕಲೆಗಾರಿಕೆ ಇರುವುದು ಕಾಲಿನ ಬುಡದಲ್ಲಿ. ತೊಡೆ ದಪ್ಪಗಿದ್ದು ಪಾದ ಚಪ್ಪಟೆಯಾಗಿ ಅಗಲವಾಗಿರಬೇಕು. ಎರಡರ ನಡುವಿನ ಕುತ್ತಿಗೆ ಮಾತ್ರ ಅಗ್ಗದ ಚಪ್ಪಲಿಯ ಉಂಗುಷ್ಠದಷ್ಟು ತೆಳ್ಳಗೆ. ಆಗ ಎಳೆದಾಗ ಪಾದ ಅತ್ತಿತ್ತ ಹೊಡೆದುಕೊಂಡು ನೀರು ನಡುಗಿಸುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಇರುವ ಸಂವೇದನೆಯ ಗೆರೆಗೆ ಆ ನಡುಕ ತಾಗುತ್ತದೆ. ಕದಡಿದ ನೀರಿನಲ್ಲಿ ಬಣ್ಣಕ್ಕಿಂತ ಇದೇ ಮುಖ್ಯ. ಬಣ್ಣದ ಡಬ್ಬಿಗಳಿಗೆ ಸುರಿಯುವ ದುಡ್ಡನ್ನು ಇನ್ನೊಂದು ಅಚ್ಚಿಗೆ ಹಾಕಿ ಎಂದೇ ನನ್ನ ಸಲಹೆ. ಕುತ್ತಿಗೆ ದಪ್ಪವಾದರೆ ಕಾಲು ಮರದ ಕೊರಡು, ತೀರ ತೆಳುವಾದರೆ ಮೊದಲ ಕಚ್ಚಿಗೇ ಕಿತ್ತುಹೋಗುತ್ತದೆ. ಹದ ಸಿಗದಿದ್ದರೆ ಮೆತ್ತಗಾಗಿಸುವ ಇಲ್ಲವೇ ಗಟ್ಟಿಯಾಗಿಸುವ ದ್ರವ ಸ್ವಲ್ಪ ಸ್ವಲ್ಪವೇ ಬೆರೆಸಿ ನೋಡಬೇಕು. ಕೆರೆಗೆ ಒಯ್ಯುವ ಮೊದಲು ನೀರು ತುಂಬಿದ ಹಂಡೆಯಲ್ಲಿ ದಾರ ಕಟ್ಟಿ ಎಳೆದರೆ ಕಾಲು ಏನು ಮಾಡುತ್ತದೆಂದು ಗೊತ್ತಾಗುತ್ತದೆ.

ಅಂಗಡಿಯ ಕಪ್ಪೆ ತೇಲುವುದು ಅದರ ಹೊಟ್ಟೆ ಟೊಳ್ಳಾಗಿರುವುದರಿಂದ. ಕಾದ ಲೋಹದ ಅಚ್ಚಿಗೆ ಪ್ಲಾಸ್ಟಿಸಾಲ್ ತುಂಬಿ, ಗೋಡೆಗೆ ಅಂಟಿದ ಪದರವನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹೊರಗೆ ಸುರಿದು, ಉಳಿದ ಪದರವನ್ನು ಪೂರ್ತಿ ಕಾಯಿಸುವ ವಿಧಾನ ಇದೆ. ಪ್ಲಾಸ್ಟರಿನ ಅಚ್ಚಿನಲ್ಲಿ ಅದು ಆಗುವ ಮಾತಲ್ಲ. ಮನೆಯ ಕಪ್ಪೆ ಗಟ್ಟಿ ಮೈಯದು, ನಿಲ್ಲಿಸಿದರೆ ಮೆಲ್ಲಗೆ ಮುಳುಗುತ್ತದೆ. ಎಳೆಯುತ್ತಿರುವಷ್ಟು ಹೊತ್ತು ಎಲೆಗಳ ಮೇಲೆ ಓಡಿ, ಬಯಲು ನೀರು ಸಿಕ್ಕಲ್ಲಿ ಇಳಿಯುತ್ತದೆ. ಕುಚ್ಚು ಕಾಯುತ್ತಿರುವುದೂ ಸಾಮಾನ್ಯವಾಗಿ ಅಂಥ ಕಿಂಡಿಯಲ್ಲೇ.

ಎಲ್ಲಿ, ಯಾವಾಗ ಎಂಬುದಕ್ಕೂ ಲೆಕ್ಕ ಇದೆ. ಹೆಚ್ಚಿನ ಕೆರೆಗಳ ಮೀನಿನ ಹಕ್ಕು ಹರಾಜಾಗಿರುತ್ತದೆ, ಗುತ್ತಿಗೆದಾರರನ್ನೋ ಸಹಕಾರ ಸಂಘವನ್ನೋ ಕೇಳಿಯೇ ಇಳಿಯಬೇಕು. ಅಭಯಾರಣ್ಯದ ನೀರಿನಲ್ಲಿ ಗಾಳ ಹಾಕುವುದೇ ಅಪರಾಧ. ಮಳೆಗಾಲದಲ್ಲಿ ಕುಚ್ಚು ಮರಿ ಮಾಡುತ್ತದೆ. ಕೆಂಪಗಿನ ಮರಿಗಳು ಗುಂಪುಗಟ್ಟಿ ನೀರ ಮೇಲೆ ಕುದಿಯುವಂತೆ ಆಡುತ್ತಿದ್ದರೆ ತಾಯಿ-ತಂದೆ ಕೆಳಗೆ ಕಾವಲಿರುತ್ತವೆ, ಹತ್ತಿರ ಬಂದದ್ದಕ್ಕೆಲ್ಲ ಸಿಟ್ಟಿನಿಂದ ಎರಗುತ್ತವೆ. ಆಗ ಹಿಡಿಯುವುದು ಬಲು ಸುಲಭ. ಹಿಡಿಯಬಾರದ ಹೊತ್ತೂ ಅದೇ, ಕಾವಲು ಹೋದರೆ ಮರಿಗಳು ಉಳಿದ ಮೀನುಗಳ ಪಾಲು.

ಮಾಡಿದ ಲೂರ್‌ಗಳನ್ನು ಗಡಸು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ಪ್ಲಾಸ್ಟಿಸೈಸರ್ ತಾಗಿ ಡಬ್ಬಿಯೇ ಮೆತ್ತಗಾಗಿ ಅಂಟುತ್ತದೆ. ಪಾಲಿಥೀನ್ ಚೀಲ ಒಳ್ಳೆಯದು, ಬಣ್ಣ ಬಣ್ಣಕ್ಕೆ ಬೇರೆ ಬೇರೆ. ಕಿತ್ತುಹೋದದ್ದನ್ನು ಕೆರೆಗೆ ಎಸೆಯಬೇಡಿ. ಅದು ಕೊಳೆಯುವುದಿಲ್ಲ, ಮೀನಿನ ಹೊಟ್ಟೆ ಸೇರುತ್ತದೆ. ಜೇಬಿಗೆ ಹಾಕಿಕೊಂಡು ಬಂದರೆ ಮತ್ತೆ ಕರಗಿಸಬಹುದು, ಸ್ವಲ್ಪ ಹೊಸ ಸ್ಟೆಬಿಲೈಸರ್ ಬೆರೆಸಿ. ಕರಗಿಸಿದಷ್ಟೂ ಪಾಕ ಕಂದಾಗುತ್ತ ಹೋಗುತ್ತದೆ. ಕಂದು ಕಪ್ಪೆಯನ್ನು ಕುಚ್ಚು ಬೇಡ ಅನ್ನುವುದಿಲ್ಲ.